ಉಸಿರಿನ ಪರೀಕ್ಷೆ ಮತ್ತು ಒಂದು ನಮೂನೆಯ ಮೌನ

ಮಿದುಳು ಸಾವನ್ನು ದೃಢೀಕರಿಸಲು ನಮ್ಮ ದೇಶದ ಆಸ್ಪತ್ರೆಗಳಲ್ಲಿ ತುಂಬುವ ಪತ್ರವೊಂದಿದೆ. ಅದು ಅಂಗಾಂಗ ಕಸಿಗೆ ಸಂಬಂಧಿಸಿದ 2014ರ ನಿಯಮಗಳ ನಮೂನೆ 10. ಸರ್ಕಾರಿ ಪತ್ರದಲ್ಲಿ ವಿಮರ್ಶಿಸಲು ಏನಿದೆ ಎಂದು ಓದುಗರು ಕೇಳಬಹುದು. ಮನುಷ್ಯನೊಬ್ಬ ಬದುಕಿಲ್ಲ ಎಂಬ ಮಾತಿಗೆ ಸಹಿ ಬೀಳುವುದು ಈ ಪತ್ರದ ಮೇಲೆ. ಆದುದರಿಂದ ಅದನ್ನು ಎಚ್ಚರದಿಂದ ಓದಲೇಬೇಕು.

ಮೊದಲು ಅದರ ಗುಣಗಳನ್ನು ನೋಡೋಣ. ಔಷಧಗಳ ಮಂಪರು, ದೇಹ ತಣ್ಣಗಾಗಿರುವಿಕೆ, ರಕ್ತದೊತ್ತಡದ ಕುಸಿತ ಮುಂತಾದ ಕಾರಣಗಳಿಂದ ರೋಗಿ ಸತ್ತಂತೆ ತೋರುತ್ತಿಲ್ಲವೆಂದು ವೈದ್ಯರು ಮೊದಲು ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆಗಳು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಯಬೇಕು. ನಾಲ್ವರು ವೈದ್ಯರು ಸಹಿ ಹಾಕಬೇಕು. ಅವಸರಕ್ಕೆ ಇಲ್ಲಿ ತಡೆಯಿದೆ.

ಈ ಪರೀಕ್ಷೆಗಳಲ್ಲಿ ಕುಟುಂಬದವರನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಉಸಿರಿನ ಪರೀಕ್ಷೆ. ವೈದ್ಯರು ಇದನ್ನು ಅಪ್ನಿಯಾ ಪರೀಕ್ಷೆ ಎನ್ನುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ಕಾಂಡ ಎಚ್ಚೆತ್ತು ಉಸಿರೆಳೆಯುವಂತೆ ದೇಹಕ್ಕೆ ಆಜ್ಞಾಪಿಸುತ್ತದೆ. ಆ ಆಜ್ಞೆ ಇನ್ನೂ ಹೊರಡುತ್ತದೆಯೇ ಎಂದು ತಿಳಿಯುವುದೇ ಪರೀಕ್ಷೆಯ ಉದ್ದೇಶ. ಮೊದಲು ಶುದ್ಧ ಆಮ್ಲಜನಕ ಕೊಡುತ್ತಾರೆ; ಬಳಿಕ ವೆಂಟಿಲೇಟರನ್ನು ಬೇರ್ಪಡಿಸಿ, ತೆಳುವಾದ ಕೊಳವೆಯ ಮೂಲಕ ಆಮ್ಲಜನಕವನ್ನು ಮುಂದುವರಿಸುತ್ತಾರೆ. ಸಾಮಾನ್ಯವಾಗಿ 8ರಿಂದ 10 ನಿಮಿಷ ಎದೆ ಮತ್ತು ಹೊಟ್ಟೆಯ ಮೇಲೆ ಕಣ್ಣಿಟ್ಟಿರುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿ.ಮೀ. ಪಾದರಸದ ಮಟ್ಟ ತಲುಪಿದರೂ ಉಸಿರು ಕಾಣದಿದ್ದರೆ ಮಿದುಳಿನ ಕಾಂಡ ಉತ್ತರಿಸಿಲ್ಲವೆಂದು ಅರ್ಥ. ಒಂದೇ ಒಂದು ಉಸಿರು ಕಂಡರೂ ಆತನನ್ನು ಮೃತನೆನ್ನುವಂತಿಲ್ಲ. ರಕ್ತದೊತ್ತಡ ಕುಸಿದರೆ ಪರೀಕ್ಷೆಯನ್ನು ನಿಲ್ಲಿಸಬೇಕು. ಸರಿಯಾಗಿ ನಡೆದಾಗ ಇದು ಉಸಿರನ್ನು ಕಸಿಯುವ ಕ್ರಿಯೆಯಲ್ಲ, ಉಸಿರಿಗಾಗಿ ಕಾಯುವ ಕ್ರಿಯೆ.

ಸಾವಿನ ಕ್ಷಣವನ್ನು ನಿರ್ಣಯಿಸುವುದು ವೈದ್ಯರ ಹೊಣೆಯೆಂದು ಪೋಪ್ ಹನ್ನೆರಡನೇ ಪಿಯುಸ್‌ರವರು 1957ರಲ್ಲೇ ಹೇಳಿದ್ದರು. ಸಂತ ಎರಡನೇ ಜಾನ್ ಪೌಲ್‌ರವರು 2000ದ ಆಗಸ್ಟ್ 29ರಂದು ಅಂಗಾಂಗ ಕಸಿ ತಜ್ಞರನ್ನುದ್ದೇಶಿಸಿ ಮಾತನಾಡಿ, ಇಡೀ ಮಿದುಳಿನ ಚಟುವಟಿಕೆ ಮರಳಿ ಬಾರದಂತೆ ನಿಂತಿರುವುದನ್ನು ಕಟ್ಟುನಿಟ್ಟಾಗಿ ನಿರ್ಧರಿಸಿದರೆ ಆ ಮಾನದಂಡ ಮಾನವನ ಕುರಿತ ಸರಿಯಾದ ತಿಳಿವಳಿಕೆಗೆ ವಿರುದ್ಧವೆಂದು ತೋರುವುದಿಲ್ಲ ಎಂದರು. ಇದನ್ನು ಒಪ್ಪದ ಕಥೋಲಿಕ ಚಿಂತಕರೂ ಇದ್ದಾರೆ. ಅದೇ ಭಾಷಣದಲ್ಲಿ, ಏನೇನು ನಡೆಯುತ್ತದೆಂದು ಸರಿಯಾಗಿ ತಿಳಿದವರು ಮಾತ್ರವೇ ಸ್ವತಂತ್ರವಾಗಿ ಒಪ್ಪಬಲ್ಲರು ಅಥವಾ ನಿರಾಕರಿಸಬಲ್ಲರು ಎಂಬ ಮಾತೂ ಇದೆ.

ನಮೂನೆ 10 ಸೋಲುವುದು ಇಲ್ಲಿಯೇ. ಅಂಗಾಂಗ ದಾನಕ್ಕೆ ಒಪ್ಪಿಗೆಯಿದೆಯೇ ಎಂಬ ಪ್ರಶ್ನೆ ಆರಂಭದಲ್ಲೇ, ರೋಗಿಯ ವಿವರಗಳ ನಡುವೆ ಬರುತ್ತದೆ. ಉಸಿರಿನ ಪರೀಕ್ಷೆಯ ಬಗ್ಗೆ ಮನೆಯವರಿಗೆ ವಿವರಿಸಲಾಗಿದೆಯೇ ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಮಗನ ಮೈ ಬೆಚ್ಚಗಿದೆ, ಹೃದಯ ಬಡಿಯುತ್ತಿದೆ; ಏನನ್ನೂ ತಿಳಿಸದೆ ವೆಂಟಿಲೇಟರ್ ಕಳಚಿದರೆ ತಾಯಿ ಏನೆಂದುಕೊಂಡಾಳು? ಅದಕ್ಕೆ ಮುನ್ನವೇ ದಾನದ ಮಾತು ಕಿವಿಗೆ ಬಿದ್ದಿದ್ದರೆ, ಅಂಗಾಂಗಕ್ಕಾಗಿಯೇ ಸಾವನ್ನು ಹುಡುಕಿದರೆಂಬ ಸಂಶಯ ಮನಸ್ಸಿನಲ್ಲಿ ಉಳಿದೇ ಉಳಿಯುತ್ತದೆ.

ಸಾವು ವಾಸ್ತವ ಸಂಗತಿ, ಅದಕ್ಕೆ ಬಂಧುಗಳ ಅನುಮತಿ ಏಕೆ ಎಂದು ವೈದ್ಯರು ವಾದಿಸಬಹುದು. ಈ ವಾದದಲ್ಲಿ ಹುರುಳಿದೆ. ಅಮೆರಿಕದಲ್ಲಿ 2016ರಲ್ಲಿ ಮಕ್ಕಳ ಮೇಲೆ ಈ ಪರೀಕ್ಷೆ ಬೇಡವೆಂದು ಕುಟುಂಬದವರು ನ್ಯಾಯಾಲಯಕ್ಕೆ ಹೋದಾಗ, ವರ್ಜೀನಿಯಾದಲ್ಲಿ ಆಸ್ಪತ್ರೆಯ ಪರವಾಗಿಯೂ ಮೊಂಟಾನಾದಲ್ಲಿ ತಾಯಿಯ ಪರವಾಗಿಯೂ ತೀರ್ಪು ಬಂದಿತು. ಅನುಮತಿಯ ಪ್ರಶ್ನೆ ಕಠಿಣವೇ ಸರಿ. ತಿಳಿಸುವ ಕರ್ತವ್ಯದಲ್ಲಿ ಮಾತ್ರ ಅಂಥ ಗೊಂದಲವೇನಿಲ್ಲ.

ಈ ನಮೂನೆಗೆ ಒಂದೇ ಒಂದು ಸಾಲು ಸೇರಲಿ: ಪರೀಕ್ಷೆಯ ಅರ್ಥವನ್ನು ಮನೆಯವರಿಗೆ ಅವರ ಭಾಷೆಯಲ್ಲಿ ವಿವರಿಸಲಾಗಿದೆ, ಬಯಸಿದವರಿಗೆ ಹತ್ತಿರ ನಿಂತು ನೋಡಲು ಅವಕಾಶ ಕೊಡಲಾಗಿದೆ. ದಾನದ ಮಾತು ಎರಡನೆಯ ಪರೀಕ್ಷೆಯ ನಂತರವೇ ಬರಲಿ. ಅಲ್ಲಿಯವರೆಗೆ, ಪ್ರಿಯ ಓದುಗರೇ, ಅಂಥ ಗಳಿಗೆ ಬಂದಲ್ಲಿ ನೀವೇ ಕೇಳಿರಿ: ಪರೀಕ್ಷೆ ಯಾವಾಗ, ಯಾರು ಮಾಡುತ್ತಾರೆ, ಏನು ಕಂಡಿತು? ಹೀಗೆ ಕೇಳುವುದು ದಾನಕ್ಕೆ ಅಡ್ಡಿಯಲ್ಲ. ಅಂಗಾಂಗ ದಾನ ಪ್ರೀತಿಯ ದೊಡ್ಡ ಕಾರ್ಯ. ಸಂಶಯವಿಲ್ಲದ ಮನಸ್ಸಿನಿಂದ ಅದನ್ನು ಮಾಡುವ ಹಕ್ಕು ದುಃಖದಲ್ಲಿರುವ ಕುಟುಂಬಕ್ಕೂ ಇದೆ.