ಸೆಪ್ಟೆಂಬರ್ 17ರ ಭಾಷಣ ಬಿಟ್ಟುಬಿಡುವ ದಾರಿಗಳು

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಧ್ವಜ ಏರುತ್ತದೆ, ಭಾಷಣ ನಡೆಯುತ್ತದೆ. ಭಾರತಕ್ಕೆ ಸೇರಲು ಹೈದರಾಬಾದಿನ ನಿಜಾಮ ಒಪ್ಪಲಿಲ್ಲ, ಅವರ ಪರ ನಿಂತ ರಜಾಕಾರರು ಹಾವಳಿ ಎಬ್ಬಿಸಿದರು, ಪಟೇಲರು ಸೈನ್ಯ ಕಳಿಸಿದರು, ನಾವು ಬಿಡುಗಡೆಯಾದೆವು. ಇದರಲ್ಲಿ ಸುಳ್ಳಿಲ್ಲ. ಆದರೂ ಇತಿಹಾಸಕಥನವಾಗಿ ಇದು ಸೋಲುತ್ತದೆ. ಕೊನೆಗೆ ಆದದ್ದನ್ನೇ ಮೊದಲಿನಿಂದಲೂ ಆಗಲೇಬೇಕಿದ್ದದ್ದು ಎಂಬಂತೆ ಹೇಳಿಬಿಡುತ್ತದೆ.

1947ರಲ್ಲಿ ಹಾಗಿರಲಿಲ್ಲ, ಮುಂದೆ ಮೂರು ದಾರಿಗಳಿದ್ದವು. ಬ್ರಿಟಿಷರ ಸಾರ್ವಭೌಮತ್ವ ಮುಗಿಯುತ್ತಲೇ ತಾನು ಸ್ವತಂತ್ರ ಎಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜೂನ್‌ನಲ್ಲೇ ಫರ್ಮಾನು ಹೊರಡಿಸಿದ್ದರು. ಭಾರತಕ್ಕೆ ಸೇರುವುದು ಎರಡನೆಯ ದಾರಿ. ಎರಡನ್ನೂ ಮುಂದೂಡಿ ಕಾಲ ತಳ್ಳುವುದು ಮೂರನೆಯದು. ನವೆಂಬರ್ 29ರ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಅದಕ್ಕಾಗಿಯೇ ಹುಟ್ಟಿತು. 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಮುಂದಿಟ್ಟ ಕರಡಿನಲ್ಲಿ ಜನಮತಗಣನೆಯೂ ಜವಾಬ್ದಾರಿ ಸರ್ಕಾರವೂ ಇದ್ದವು. ನಿಜಾಮರು ಅದಕ್ಕೆ ರುಜು ಹಾಕಿದ್ದರೆ ಸೆಪ್ಟೆಂಬರ್ 13ರಂದು ಸೈನ್ಯ ಗಡಿ ದಾಟುವ ಪ್ರಸಂಗ ಬರುತ್ತಿತ್ತೇ? ವೇದಿಕೆಯಿಂದ ಈ ಪ್ರಶ್ನೆ ಕೇಳಿಬರುವುದಿಲ್ಲ.

ಈ ಮೂರು ತಾಲ್ಲೂಕುಗಳಿಗೆ ಅದು ದೂರದ ರಾಜಕಾರಣವಾಗಿರಲಿಲ್ಲ. ಆಳಂದದ ಮಗ್ಗುಲಿಗೆ ಅಕ್ಕಲಕೋಟೆ, ಅಫಜಲಪುರದ ಪಕ್ಕಕ್ಕೆ ಇಂಡಿ, ಜೇವರ್ಗಿಯ ಪಕ್ಕಕ್ಕೆ ಸಿಂದಗಿ. ಆಚೆಯೂ ಕನ್ನಡ, ಈಚೆಯೂ ಕನ್ನಡ. ನಡುವೆ ಮಾತ್ರ ನಿಜಾಮರ ಕರೋಡಗಿರಿ (ಸುಂಕದ) ನಾಕಾ, ಬೇರೆಯೇ ಹಾಲಿ ಸಿಕ್ಕಾ ರೂಪಾಯಿ. ನಿಜಾಮರ ಮನಸ್ಸಿನಂತೆ ಆಗಿದ್ದರೆ, ಇಂಡಿಯ ಸಂತೆಗೆ ಜೋಳದ ಬಂಡಿ ಹೊಡೆಯುವ ಅಫಜಲಪುರದ ರೈತ ಪರದೇಶಕ್ಕೆ ಹೋದಂತಾಗುತ್ತಿತ್ತು. ಗಡಿಯಾಚೆ ಶಿಬಿರ ಕಟ್ಟಿ ಹೋರಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಭಾಷಣದ ದೊಡ್ಡ ಕೊರತೆ ಇರುವುದು ಇಲ್ಲೇ. ಎಲ್ಲವನ್ನೂ ದೆಹಲಿ ಮಾಡಿತು ಎಂದಾಗ ಇಲ್ಲಿನ ಜನ ಬರೀ ನೋಡುಗರಾಗುತ್ತಾರೆ. 1938ರಲ್ಲೇ ನಿಷೇಧಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್, ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ 1947ರ ಆಗಸ್ಟ್ 7ರಂದು ಶುರುವಾದ ಭಾರತ ಸೇರ್ಪಡೆಯ ಚಳವಳಿ ಎರಡೇ ಮಾತಿನಲ್ಲಿ ಮುಗಿದುಹೋಗುತ್ತವೆ.

ಎರಡನೆಯ ಕೊರತೆ ಇನ್ನೂ ನೋಯಿಸುವಂಥದ್ದು. ರಜಾಕಾರರು ನಡೆಸಿದ ಗೋರ್ಟಾದ ಹತ್ಯಾಕಾಂಡವನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾದ ಆ ಸೈನಿಕ ಕ್ರಮದ ಬೆನ್ನಿಗೆ ಸತ್ತ ಮುಸ್ಲಿಮರನ್ನು ನೆನೆಯುವುದಿಲ್ಲ. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಒಂದು. ಆ ವರದಿ ದಶಕಗಳ ಕಾಲ ಕತ್ತಲಲ್ಲಿತ್ತು. ಒಂದು ಕಡೆಯ ಸಾವನ್ನಷ್ಟೇ ಎಣಿಸುವ ಉತ್ಸವ ಊರಿನ ಇನ್ನೊಂದು ಕಡೆಯ ಜನರ ನೋವನ್ನು ಹೊರಗಿಡುತ್ತದೆ.

ದಾರಿಗಳು 1948ಕ್ಕೇ ಮುಗಿಯಲಿಲ್ಲ. 1956ರಲ್ಲಿ ಇದೇ ಜಿಲ್ಲೆಯ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ಈ ಮೂರು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಮೂರನ್ನೂ ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಈ ಭಾಗದ ಜನ ಪಟ್ಟು ಹಿಡಿದು ಕೇಳಿದ್ದರಿಂದಲೇ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ದಕ್ಕಿತು.

ಆದ್ದರಿಂದ ಆ ದಿನ ಶಾಲೆಗಳಲ್ಲಿ ಯಥಾಸ್ಥಿತಿ ಒಪ್ಪಂದವನ್ನೂ ಜೂನ್‌ನ ಕರಡನ್ನೂ ಸುಂದರಲಾಲ್ ವರದಿಯನ್ನೂ ಓದಿಸಬೇಕು. ತಮ್ಮ ಊರು ಎಷ್ಟು ದಾರಿಗಳ ನಡುವೆ ನಿಂತಿತ್ತೆಂದು ತಿಳಿದ ಮಕ್ಕಳು ಇವತ್ತಿನ ಹಿಂದುಳಿದಿರುವಿಕೆಯನ್ನೂ ಹಣೆಬರಹವೆಂದು ಒಪ್ಪಿಕೊಳ್ಳುವುದಿಲ್ಲ.