ಅಣ್ವಸ್ತ್ರನಿರ್ಣಯವೂ ಸಂಸ್ಕೃತಿವಾದವೂ

ಅಣ್ವಸ್ತ್ರವನ್ನು ಪಡೆಯಬೇಕೆ ಬೇಡವೆ ಎಂಬ ನಿರ್ಣಯವು ಶತ್ರುಭಯದಿಂದಷ್ಟೇ ಹುಟ್ಟುವುದಲ್ಲ, ಯುದ್ಧಶಾಂತಿಗಳನ್ನು ಕುರಿತು ರಾಷ್ಟ್ರವು ಪರಂಪರೆಯಿಂದ ಪಡೆದ ಮನೋಧರ್ಮದಿಂದಲೂ ರೂಪುಗೊಳ್ಳುವುದೆಂಬ ವಾದಕ್ಕೆ ವಿದ್ವಾಂಸರಲ್ಲಿ ಮನ್ನಣೆಯಿದೆ. ಅಮೆರಿಕದ ಜಾರ್ಜ್ ಟ್ಯಾನ್‌ಹ್ಯಾಮ್ 1992ರ ತಮ್ಮ ಪ್ರಬಂಧದಲ್ಲಿ, ಭಾರತದಲ್ಲಿ ದೀರ್ಘದೃಷ್ಟಿಯ ರಕ್ಷಣಾಚಿಂತನೆ ಬೆಳೆಯದಿರುವುದಕ್ಕೆ ಭೂಗೋಳ, ಇತಿಹಾಸ, ಬ್ರಿಟಿಷ್ ಆಳ್ವಿಕೆಗಳ ಜೊತೆಗೆ ಹಿಂದೂಗಳ ಕಾಲಕಲ್ಪನೆಯನ್ನೂ ಕಾರಣವಾಗಿ ಎಣಿಸಿದರು.

ಈ ವಾದವನ್ನು ಒರೆಗೆ ಹಚ್ಚಲು ದೂರ ಹೋಗಬೇಕಾದುದಿಲ್ಲ. ಟ್ರಾಂಬೆಯ ಅಣುಕೇಂದ್ರವಿರುವುದು ಠಾಣೆಯ ಖಾಡಿಯ ದಡದಲ್ಲಿ. 1974ರ ಮೇ 18ರ ಪೋಖ್ರಣ್ ಸ್ಫೋಟದ ಕಾಲಕ್ಕೆ ಅದರ ನಿರ್ದೇಶಕರಾಗಿದ್ದವರು ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು. 1991ರಲ್ಲಿ ಹೊರಬಂದ ಅವರ ಇಂಗ್ಲಿಷ್ ಆತ್ಮಕಥೆಯ ಹೆಸರು ‘ಇಯರ್ಸ್ ಆಫ್ ಪಿಲ್ಗ್ರಿಮೇಜ್’, ಎಂದರೆ ಯಾತ್ರೆಯ ವರ್ಷಗಳು. ಊರ ಹೆಸರೇ ಪಂಢರಿಯನ್ನು ನೆನಪಿಸುವ ವಿಠ್ಠಲವಾಡಿಯ ಓದುಗನಿಗೆ ಈ ಮಾತು ವಾರಕರಿಗಳ ದಿಂಡಿಯನ್ನು ಕಣ್ಮುಂದೆ ತಂದರೆ ಆಶ್ಚರ್ಯವಿಲ್ಲ. ಆದರೆ ಹಂಗೇರಿಯ ಲಿಸ್ಟ್ ರಚಿಸಿದ ಪಿಯಾನೋ ಕೃತಿಗೂ ಇದೇ ಹೆಸರು. ರಾಮಣ್ಣನವರೋ ನುರಿತ ಪಿಯಾನೋವಾದಕರು. ಸಂಸ್ಕೃತಿಯ ಗುರುತು ಹಿಡಿಯಹೊರಟವನು ಎಷ್ಟು ಬೇಗ ಎಡವಬಲ್ಲನು!

ಪ್ರಕೃತ ವಿಚಾರಕ್ಕೆ ಮುಖ್ಯವಾದುದು, ಸ್ಫೋಟಕ್ಕೆ ಮುನ್ನ ಪ್ರಧಾನಿ ಇಂದಿರಾ ಗಾಂಧಿಯವರ ಸಮ್ಮುಖದಲ್ಲಿ ನಡೆದ ಸಮಾಲೋಚನೆಯ ವರ್ಣನೆ. ಪಿ. ಎನ್. ಧರ್ ಆರ್ಥಿಕ ಹಾನಿಯನ್ನು ಮುಂದಿಟ್ಟು ವಿರೋಧಿಸಿದರು; ಪಿ. ಎನ್. ಹಕ್ಸರ್ ಕಾಲ ಪಕ್ವವಾಗಿಲ್ಲವೆಂದರು. ಸಿದ್ಧತೆ ಅಷ್ಟು ಮುಂದುವರಿದ ಮೇಲೆ ಮುಂದೂಡಲಾಗದೆಂದು ರಾಮಣ್ಣನವರು ವಾದಿಸಿದರು. ನಡೆಯಲೆಂದು ಪ್ರಧಾನಿ ತೀರ್ಮಾನಿಸಿದರು. ಯುಗಚಕ್ರದ ಸುಳಿವೂ ಇಲ್ಲಿಲ್ಲ. ಬೆರಳೆಣಿಕೆಯ ಜನ ಮುಚ್ಚಿದ ಬಾಗಿಲ ಹಿಂದೆ ನಿರ್ಣಯಿಸುವುದೂ ಒಂದು ಸಂಸ್ಕೃತಿಯೇ ಅಹುದು; ಆದರೆ ಅದರ ಮೂಲವನ್ನು ಪುರಾಣಗಳಲ್ಲಿ ಅರಸಬೇಕಿಲ್ಲ. ಗೋಪ್ಯತೆಯನ್ನು ವಿಧಿಸಿದ 1948ರ ಅಣುಶಕ್ತಿ ಶಾಸನದಲ್ಲಿಯೂ, 1954ರಲ್ಲಿ ಪ್ರಧಾನಿಯ ನೇರ ಅಧೀನದಲ್ಲಿ ಸ್ಥಾಪಿತವಾದ ಇಲಾಖೆಯಲ್ಲಿಯೂ ಅದು ಸ್ಪಷ್ಟವಾಗಿಯೇ ಇದೆ.

‘ಶಾಂತಿಯುತ’ ಸ್ಫೋಟವೆಂಬ ಹೆಸರಿನಲ್ಲಿ ಬುದ್ಧಗಾಂಧಿಯರನ್ನು ಕಾಣುವವರುಂಟು. ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಮಾತ್ರ ಕೆನಡಾದ ನೆರವಿನಿಂದ 1960ರಲ್ಲಿ ಟ್ರಾಂಬೆಯಲ್ಲಿ ಚಾಲನೆಗೊಂಡ ಸೈರಸ್ ರಿಯಾಕ್ಟರಿನದು. ಆ ನೆರವು ಶಾಂತಿಕಾರ್ಯಕ್ಕೆಂದೇ ದೊರೆತುದರಿಂದ ಬೇರೆ ಹೆಸರು ಕರಾರಿಗೇ ಒಗ್ಗುತ್ತಿರಲಿಲ್ಲ. ಅದು ಬಾಂಬೆಂಬುದನ್ನು 1997ರಲ್ಲಿ ರಾಮಣ್ಣನವರೇ ಒಪ್ಪಿದರು.

ಆದರೂ ಮುಂದಿನ ಪರೀಕ್ಷೆಗೆ 1998ರವರೆಗೆ, 24 ವರ್ಷ, ಕಾದುದನ್ನು ಕರಾರೊಂದೇ ವಿವರಿಸಲಾರದು. ಸಂಸ್ಕೃತಿವಾದಕ್ಕೆ ನಿಜವಾದ ಬಲವಿರುವುದು ಇಲ್ಲಿ. 1977ರಲ್ಲಿ ಪ್ರಧಾನಿಯಾದ ಮೊರಾರ್ಜಿ ದೇಸಾಯಿಯವರು ಗಾಂಧಿನಿಷ್ಠೆಯಿಂದಲೇ ಮರುಸ್ಫೋಟವನ್ನು ನಿರಾಕರಿಸಿದರು. 1978ರಲ್ಲಿ ರಾಮಣ್ಣನವರು ಟ್ರಾಂಬೆಯನ್ನು ಬಿಟ್ಟು ರಕ್ಷಣಾಸಂಶೋಧನೆಯ ಹೊಣೆ ಹೊತ್ತು ದೆಹಲಿಗೆ ತೆರಳಿದರು.