ವಲಸೆಯ ಸಿದ್ಧಾಂತವೂ ಗುಂಡ್ಲುಪೇಟೆಯ ಮನೆಗಳೂ

ಬಡ ದೇಶಗಳ ವಲಸೆಯನ್ನು ವಿವರಿಸಲು ಅರ್ಥಶಾಸ್ತ್ರಜ್ಞ ಮೈಕೇಲ್ ಟೊಡಾರೊ 1969ರಲ್ಲಿ ಮುಂದಿಟ್ಟ ಮಾದರಿಗೆ ಇಂದಿಗೂ ಮನ್ನಣೆಯಿದೆ. ನಗರದ ‘ನಿರೀಕ್ಷಿತ ಆದಾಯ’, ಅಂದರೆ ಅಲ್ಲಿನ ಕೂಲಿಯನ್ನು ಕೆಲಸ ಸಿಗುವ ಸಾಧ್ಯತೆಯೊಡನೆ ಲೆಕ್ಕಹಾಕಿದ ಮೊತ್ತ, ಹಳ್ಳಿಯ ಗಳಿಕೆಯನ್ನು ಮೀರಿದಾಗ ಜನ ಊರು ಬಿಡುತ್ತಾರೆಂಬುದು ಅದರ ತಿರುಳು. ಚಾಮರಾಜನಗರ ಜಿಲ್ಲೆಯಲ್ಲಿ, ವಿಶೇಷವಾಗಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಈ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಕೆಲಸ ಮುಗಿದೊಡನೆ ಇಲ್ಲಿನ ಅನೇಕ ಕೂಲಿಕಾರರು ಮೇಸ್ತ್ರಿಯ ಮೂಲಕ ಹೋಗುವುದು ನಗರಕ್ಕಲ್ಲ, ವಯನಾಡಿನ ಹೊಲಗಳಿಗೆ ಮತ್ತು ಕೊಡಗಿನ ಕಾಫಿ ತೋಟಗಳಿಗೆ. ವಯನಾಡಿನಲ್ಲಿ ಕೂಲಿ ಏರಿದ್ದಕ್ಕೆ ಕೇರಳದ ಕಾರ್ಮಿಕ ಸಂಘಟನೆಗಳಷ್ಟೇ ಅಲ್ಲದೆ, ಮಲಯಾಳಿಗರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿ ದೇಶಗಳಿಗೆ ಹೋದದ್ದೂ ಕಾರಣವಾದ್ದರಿಂದ, ದುಬೈಯ ದುಡಿಮೆ ಬೇಗೂರು, ತೆರಕಣಾಂಬಿಗಳ ಮನೆವಾರ್ತೆಯನ್ನೂ ತಟ್ಟಿದೆ. ಕೇರಳದ ಬೆಳೆಗಾರರು ಇದೇ ತಾಲ್ಲೂಕಿನ ಜಮೀನುಗಳನ್ನು ಗುತ್ತಿಗೆಗೆ ಪಡೆದು ಶುಂಠಿ ಬೆಳೆಯುತ್ತಾರೆ. ಒಂದೇ ಗಡಿಯನ್ನು ಬಂಡವಾಳ ಈ ಕಡೆಗೂ ದುಡಿಮೆ ಆ ಕಡೆಗೂ ದಾಟುವ ಈ ಚಲನೆಗೆ ಹಳ್ಳಿ–ನಗರಗಳ ಜೋಡಿಯನ್ನಷ್ಟೇ ಬಲ್ಲ ಮಾದರಿಯಲ್ಲಿ ಜಾಗವಿಲ್ಲ.

ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ಮಂಡಿಸಿದ ವಾದ ಇಲ್ಲಿನ ಬದುಕಿಗೆ ಇದಕ್ಕಿಂತ ಹತ್ತಿರದ್ದು: ಬೆಳೆ ಕೈಕೊಟ್ಟರೂ ಒಲೆ ಆರದಿರಲೆಂದು ಕುಟುಂಬವೇ ಒಬ್ಬರನ್ನು ಹೊರಗೆ ಕಳಿಸುತ್ತದೆ ಎಂದು ಅವರು ತಿಳಿಯುತ್ತಾರೆ. ಕೊಳವೆಬಾವಿ ಬತ್ತಿದ ರೈತನ ವಿಷಯದಲ್ಲಿ ಇದು ನಿಜ. ಆದರೆ ಈ ವಾದ ಕುಟುಂಬಕ್ಕೆ ಒಂದೇ ಮನಸ್ಸಿದೆಯೆಂದು ಭಾವಿಸುತ್ತದೆ. ತಾಯಿ ಕಾಫಿ ಹಣ್ಣು ಬಿಡಿಸಲು ಹೋದಾಗ ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಡಬೇಕಾಗುವ ಹಿರಿಮಗಳ ಒಪ್ಪಿಗೆಯನ್ನು ಅದು ಕೇಳುವುದಿಲ್ಲ. ಇದು ಸಿದ್ಧಾಂತದ ಸಣ್ಣ ಲೋಪವಲ್ಲ, ಏಕೆಂದರೆ ಮನೆಗೆ ಬರುವ ಹಣ ನಿಂತಿರುವುದೇ ಆ ಸಂಬಳವಿಲ್ಲದ ದುಡಿಮೆಯ ಮೇಲೆ.

ಕಾಡಿನ ಬುಡಕಟ್ಟುಗಳಾದ ಸೋಲಿಗರ ಮತ್ತು ಜೇನುಕುರುಬರ ವಲಸೆಯನ್ನು ಎರಡೂ ವಾದಗಳು ವಿವರಿಸಲಾರವು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, ಮರುವರ್ಷ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಇದರಿಂದ ಕಾಡಿನೊಳಗಿನ ಹಾಡಿಗಳನ್ನು ಬಿಡಬೇಕಾಗಿ ಬಂದವರಿಗೆ ಬೇಸಾಯವೂ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವೂ ಕುಗ್ಗಿದ್ದರಿಂದ, ಹಲವು ಕುಟುಂಬಗಳು ಮಕ್ಕಳು ಮರಿಗಳೊಡನೆ ಕೊಡಗಿನ ‘ಲೈನ್ ಮನೆ’ಗಳಿಗೆ, ಅಂದರೆ ತೋಟದ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ವಸತಿಗಳಿಗೆ, ಹೋಗಬೇಕಾಯಿತು. ಇದನ್ನು ಕೂಲಿಯ ಆಕರ್ಷಣೆ ಎನ್ನುವುದು ಅನ್ಯಾಯ.

ಅಂಕಿಅಂಶಗಳೂ ಇಂಥ ಬದುಕನ್ನು ಹಿಡಿಯುವುದಿಲ್ಲ. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 9.65 ಲಕ್ಷವಿದ್ದದ್ದು 2011ರಲ್ಲಿ 10.21 ಲಕ್ಷಕ್ಕಷ್ಟೇ ಏರಿತು. ಇದರಲ್ಲಿ ಜನನ ಪ್ರಮಾಣದ ಇಳಿಕೆ ಎಷ್ಟು, ಊರು ಬಿಟ್ಟವರ ಪಾಲೆಷ್ಟು ಎಂಬುದನ್ನು ಆ ಸಂಖ್ಯೆಯೊಂದೇ ಹೇಳದು. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಲ್ಪಾವಧಿ ವಲಸಿಗರೆಂದು ಗುರುತಿಸಿದ್ದು ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳು ಮೀರದೆ ಹೊರಗುಳಿದವರನ್ನು. ನಸುಕಿನಲ್ಲಿ ಜೀಪು ಹತ್ತಿ ಗಡಿ ದಾಟಿ ರಾತ್ರಿ ಮನೆ ಸೇರುವ ಹೆಂಗಸರು ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ.